ದುಡಿಯುವ ತಾಯಿಯೂ ಮುಯ್ಯಿಯ ಧರ್ಮವೂ

ಹೆಂಗಸು ದುಡಿಯುವುದು ಹೊಸ ಸಂಗತಿಯೇನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದುಡಿಯುವ ತಾಯಂದಿರ ಕಷ್ಟದ ಮಾತೆತ್ತಿದ ಕೂಡಲೆ, "ಮನೆಯಲ್ಲೇ ಇದ್ದಿದ್ದರೆ ಇದೆಲ್ಲ ಏಕೆ ಬರುತ್ತಿತ್ತು?" ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ಹನ್ನೆರಡನೆಯ ಶತಮಾನದ ನಮ್ಮ ಶರಣೆಯರ ಹೆಸರುಗಳನ್ನೊಮ್ಮೆ ನೆನೆಯಬೇಕು. ಆಯ್ದಕ್ಕಿ ಲಕ್ಕಮ್ಮ ಎಂಬಲ್ಲಿ ಅಕ್ಕಿಯಾಯುವ ಕಾಯಕವು ಹೆಸರಿನ ಮೊದಲೇ ನಿಂತಿದೆ. ಕದಿರ ರೆಮ್ಮವ್ವೆ ಎಂದರೆ ನೂಲುವ ಕದಿರನ್ನೇ ಹೆಸರಿನೊಡನೆ ಧರಿಸಿದವಳು. ನಾಟಿ ಹಾಕಿದವರು ಯಾರು, ಕಳೆ ಕಿತ್ತವರು ಯಾರು, ಮಂಕರಿಯಲ್ಲಿ ಸೊಪ್ಪು ತುಂಬಿ ಸಂತೆಗೆ ಹೊತ್ತವರು ಯಾರು? ಕನ್ನಡ ನಾಡಿನಲ್ಲಿ ತಾಯಿ ದುಡಿಯದ ಮನೆಗಳಿಗಿಂತ ದುಡಿದ ಮನೆಗಳೇ ಎಂದಿಗೂ ಹೆಚ್ಚು.

ಹೊಸದಾಗಿರುವುದು ಬೇರೊಂದು. ತೊಟ್ಟಿಲಿಗೂ ದುಡಿಮೆಗೂ ನಡುವೆ ದೂರ ಬೆಳೆದಿದೆ. ಗದ್ದೆಯ ಬದುವಿನ ಹೊಂಗೆ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದ ತಾಯಿಗೆ ಅದರ ಅಳು ಕೇಳಿಸುತ್ತಿತ್ತು. ಅವಳಿಗೆ ಕೇಳಿಸದಿದ್ದರೆ ಪಕ್ಕದ ಸಾಲಿನವಳಿಗೆ ಕೇಳಿಸುತ್ತಿತ್ತು. ಅದು ಸುಖದ ಕಾಲವಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ಜೋಲಿಯಲ್ಲಿ ಮಲಗಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಐದು ವರ್ಷ ಕಾಣಲಿಲ್ಲ ಎಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳುವುದು ಸುಲಭ. ಆದರೆ ಇಂದು ಬ್ಯಾಂಕಿನ ಗಾಜಿನ ಕಿಟಕಿಯ ಹಿಂದೆ ಕುಳಿತವಳಿಗೆ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿರುವ ದಾದಿಗೆ, ಗಾರ್ಮೆಂಟ್ಸಿನಲ್ಲಿ ಗಂಟೆಗಿಷ್ಟು ಕಾಲರು ಎಂಬ ಲೆಕ್ಕಕ್ಕೆ ಹೊಲಿಯುವವಳಿಗೆ ಮಗುವಿನ ಅಳು ಕೇಳಿಸುವುದಿಲ್ಲ. ಕೇಳಿಸದೆ ಇರುವ ಅಳು ಮನಸ್ಸಿನೊಳಗೆ ಇಡೀ ದಿನ ಕೇಳಿಸುತ್ತಿರುತ್ತದೆ.

ನೀವು ರೇಡಿಯೊ ಇರುವ ಮನೆಯವರು. ಬೆಳಗಿನ ಭಕ್ತಿಗೀತೆಗಳು ನಿಮಗೆ ದೇವರ ಸ್ಮರಣೆಯಿರಬಹುದು. ನೌಕರಿಗೆ ಹೋಗುವ ತಾಯಿಗೆ ಅದು ಗಡಿಯಾರವೂ ಹೌದು. ಎರಡನೆಯ ಹಾಡು ಮುಗಿಯುವುದರೊಳಗೆ ಕುಕ್ಕರು ಕೂಗಬೇಕು, ವಾರ್ತೆ ಆರಂಭವಾಗುವ ವೇಳೆಗೆ ದೊಡ್ಡವನ ಜಡೆಯಿಲ್ಲದ ತಲೆಗೂ ಚಿಕ್ಕವಳ ಎರಡು ಜಡೆಗೂ ಬಾಚಣಿಗೆ ಆಡಿರಬೇಕು, ಮೂರು ಡಬ್ಬಿಗಳು ತುಂಬಿರಬೇಕು. ಇದು ಕೇವಲ ಅಲಂಕಾರದ ವರ್ಣನೆಯಲ್ಲ. 2019ರಲ್ಲಿ ಭಾರತ ಸರ್ಕಾರವು ನಡೆಸಿದ ಕಾಲ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆಂದೂ, ಗಂಡಸರು 97 ನಿಮಿಷ ಕಳೆದರೆಂದೂ ಕಂಡುಬಂದಿತು. ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಈ 97ರ ಲೆಕ್ಕವು ಮನೆಗೆಲಸಕ್ಕೆ ಕೈಯಿಟ್ಟ ಗಂಡಸರದು ಮಾತ್ರ. ಕೈಯಿಡದವರು ಲೆಕ್ಕಕ್ಕೇ ಬರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್ಸ್‌ಚೈಲ್ಡ್ ಅವರು 1989ರಲ್ಲಿ ಬರೆದ ಗ್ರಂಥವೊಂದಕ್ಕೆ 'ಎರಡನೆಯ ಪಾಳಿ' ಎಂಬರ್ಥದ ಹೆಸರನ್ನೇ ಇಟ್ಟರು. ನಮ್ಮಲ್ಲಿ ಆ ಪಾಳಿ ಬೆಳಗ್ಗೆಯೊಮ್ಮೆ ಸಂಜೆಯೊಮ್ಮೆ ಬರುವುದರಿಂದ ಮೂರು ಪಾಳಿಯೆಂದರೂ ತಪ್ಪಾಗಲಾರದು.

ಕೆಲಸದ ಭಾರಕ್ಕಿಂತ ಮನಸ್ಸನ್ನು ಹೆಚ್ಚು ಕೊರೆಯುವುದು, "ನಾನು ಎರಡನ್ನೂ ಸರಿಯಾಗಿ ಮಾಡುತ್ತಿಲ್ಲ" ಎಂಬ ಭಾವನೆ. ಅಬಿಡಿನ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಪಾಲನೆಯಲ್ಲಿ ತಂದೆತಾಯಿಯರಿಗೆ ಆಗುವ ಒತ್ತಡವನ್ನು ಅಳೆಯಲು 1983ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಮಗುವಿನ ಹಟ, ಚಂಚಲತೆಗಳನ್ನು ಕುರಿತ ಪ್ರಶ್ನೆಗಳಿರುವುದು ಸಹಜವೇ. ಅವುಗಳ ಜೊತೆಗೆ ತಾಯಿಯ ಆರೋಗ್ಯ, ತನ್ನ ಕೈಲಾಗುತ್ತದೆಂಬ ಧೈರ್ಯ, ಗಂಡನ ಬೆಂಬಲ ಮತ್ತು ಒಂಟಿತನ ಇವುಗಳಿಗೂ ಬೇರೆ ಬೇರೆ ಅಂಕಗಳಿವೆ. ಒಂಟಿತನಕ್ಕೆ ಅಂಕ! ಮನೆ ತುಂಬ ಜನರಿದ್ದರೂ ಒಂಟಿಯಾಗಿರುವ ತಾಯಂದಿರನ್ನು ನೀವೂ ಕಂಡಿರಬೇಕು.

ಈ ಒಂಟಿತನಕ್ಕೆ ಮದ್ದಾದ ಪದವೊಂದು ನಮ್ಮ ಒಕ್ಕಲುತನದ ಭಾಷೆಯಲ್ಲಿದೆ. ಅದು 'ಮುಯ್ಯಿ'. ಮದುವೆ ಮುಂಜಿಗಳಲ್ಲಿ ಕೊಡುವ ಉಡುಗೊರೆಗೆ ಮುಯ್ಯಿ ಎನ್ನುತ್ತೇವೆ. ಹೊಲದ ಕೆಲಸದಲ್ಲಿ ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಬರುವವನಿಗೆ ಮುಯ್ಯಾಳು ಎನ್ನುತ್ತೇವೆ. ಈ ಪದದ ಸೊಗಸು ಇರುವುದು ಅದರ ಹಿಂದಿರುಗುವಿಕೆಯಲ್ಲಿ. ದಾನ ಪಡೆದವನ ತಲೆ ಬಾಗುತ್ತದೆ, ಕೂಲಿ ಪಡೆದವನ ಲೆಕ್ಕ ಅಂದಿಗೇ ಮುಗಿಯುತ್ತದೆ. ಮುಯ್ಯಾಳಿನ ನಂಟು ಮಾತ್ರ ಮುಂದಿನ ಮಳೆಗಾಲದವರೆಗೆ ಉಳಿಯುತ್ತದೆ.

ಬೀಸುವ ಕಲ್ಲನ್ನು ನೋಡಿ. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಆಗ ಹಾಡಿದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚುಮಾಡಿಸಿದರು. ತವರಿನ ನೆನಪು, ಅತ್ತೆಮನೆಯ ಅಳಲು, ಕೂಸಿನ ಚೆಲುವು, ದೇವರ ಮೊರೆ ಎಲ್ಲವೂ ಆ ಸಂಗ್ರಹದಲ್ಲಿ ಒಂದರ ಪಕ್ಕಕ್ಕೆ ಒಂದು ಇವೆ. ಹಿಟ್ಟಿನ ಗಿರಣಿ ಬಂದು ಹೆಂಗಸಿನ ತೋಳಿನ ನೋವನ್ನು ಇಳಿಸಿತು, ಅದು ಒಳ್ಳೆಯದೇ. ಆದರೆ ಗೂಟದ ಆಚೆ ಕಡೆ ಕುಳಿತಿದ್ದವಳೂ ಎದ್ದು ಹೋದಳು. ಅವಳಿಗೆ ಹೇಳುತ್ತಿದ್ದುದನ್ನು ಈಗ ಯಾರಿಗೆ ಹೇಳಬೇಕು?

ವಿದ್ವಾಂಸರು ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಾರೆ. ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಎಂಬಿಬ್ಬರು 1985ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಬೇಕಾದಾಗ ಒದಗುವವರು ಇದ್ದಾರೆಂಬ ಭರವಸೆಯು ಕಷ್ಟದ ಪೆಟ್ಟು ನೇರವಾಗಿ ತಾಗದಂತೆ ನಡುವೆ ಮೆತ್ತೆಯಂತೆ ನಿಲ್ಲುತ್ತದೆ ಎಂಬುದನ್ನು ವಿಮರ್ಶಿಸಿದ್ದಾರೆ. ಇಲ್ಲಿ ಗಮನಿಸತಕ್ಕದ್ದು 'ಇದ್ದಾರೆ' ಎಂಬ ಭರವಸೆ. ಮಗುವಿಗೆ ಜ್ವರ ಬಂದ ದಿನ ಪಕ್ಕದ ಮನೆಯಾಕೆ ಬರಲೇಬೇಕೆಂದಿಲ್ಲ. ಕರೆದರೆ ಬರುತ್ತಾಳೆ ಎಂದು ಗೊತ್ತಿದ್ದರೆ ಬಸ್ಸಿನಲ್ಲಿ ಕುಳಿತವಳ ಎದೆಬಡಿತ ಅರ್ಧ ಇಳಿಯುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. ನನ್ನ ಎಂಟನೆಯ ತರಗತಿಯಲ್ಲಿ ಚೆನ್ನಾಗಿ ಓದುವ ಹುಡುಗಿಯೊಬ್ಬಳಿದ್ದಳು. ಹಳಗನ್ನಡದ ಪದ್ಯವನ್ನು ತಡವರಿಸದೆ ಅನ್ವಯ ಮಾಡುವ ಮಕ್ಕಳು ಈಗ ತರಗತಿಗೆ ಇಬ್ಬರೋ ಮೂವರೋ, ಅವರಲ್ಲಿ ಅವಳೊಬ್ಬಳು. ಒಂದು ತಿಂಗಳಲ್ಲಿ ಹನ್ನೊಂದು ದಿನ ಹಾಜರಿಯ ಪುಸ್ತಕದಲ್ಲಿ ಅವಳ ಮುಂದೆ ಗೈರುಹಾಜರಿ ಬಿದ್ದಿತು. ಮನೆಗೆ ಹೋಗಿ ನೋಡಿದರೆ ಸೊಂಟದ ಮೇಲೆ ಎರಡು ವರ್ಷದ ತಮ್ಮನನ್ನು ಕೂರಿಸಿಕೊಂಡು ಪಾತ್ರೆ ತೊಳೆಯುತ್ತಿದ್ದಾಳೆ. ತಾಯಿ ಗಾರ್ಮೆಂಟ್ಸಿಗೆ ಹೋಗುವವಳು. ತಂದೆ ಲಾರಿಯ ಮೇಲಿರುವವನು, ವಾರಕ್ಕೊಮ್ಮೆ ಮನೆ ಕಾಣುವವನು. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಮಂಡಿನೋವು ತಾಳಲಾರದೆ ಊರಿಗೆ ಹಿಂದಿರುಗಿದ್ದಳು. ಕಾರ್ಖಾನೆಯಲ್ಲಿ ಶಿಶುಪಾಲನೆಯ ಕೊಠಡಿಯಿಲ್ಲವೆ ಎಂದು ಕೇಳಿದೆ. ಇದೆಯಂತೆ. ಆದರೆ ಬೆಳಗಿನ ಜಾವದಲ್ಲಿ ಜನ ಕಿಕ್ಕಿರಿದ ವ್ಯಾನಿನಲ್ಲಿ ನಿಂತು ಹೋಗುವವಳು ಮಗುವನ್ನು ಎಲ್ಲಿ ಹಿಡಿದುಕೊಳ್ಳಬೇಕು? ಅಂಗನವಾಡಿಗೆ ಸೇರಿಸಲು ಮಗುವಿಗೆ ಇನ್ನೂ ವಯಸ್ಸಾಗಿರಲಿಲ್ಲ. ಆ ಸಂಜೆ ತಾಯಿ ನನಗೆ ಹೇಳಿದ ಮಾತನ್ನು ಹಾಗೆಯೇ ಹೇಳುತ್ತೇನೆ: "ಕೆಲ್ಸ ಬುಟ್ರೆ ಬಾಡಿಗೆ ಕಟ್ಟಕಾಗಲ್ಲ, ಬುಡದೆ ಹೋದ್ರೆ ಇವಳ ಓದು ಹೋಯ್ತದೆ. ಎರಡ್ರಲ್ಲಿ ಯಾವ್ದು ಪಾಪ, ನೀವೇ ಹೇಳಿ ಮೇಡಂ."

ಪಾಪವೆಂಬ ಪದವನ್ನು ಅವಳು ಬಳಸಿದ್ದನ್ನು ನೋಡಿರಿ. ಅವಳ ಸಂಕಟ ಹಣದ ಲೆಕ್ಕದಲ್ಲಿ ನಿಲ್ಲದೆ ಧರ್ಮದ ಲೆಕ್ಕಕ್ಕೆ ಏರಿತ್ತು. ಅದಕ್ಕೆ ಉತ್ತರವೂ ಆ ದಿಕ್ಕಿನಿಂದಲೇ ಬಂದಿತು. ಅವಳು ಶನಿವಾರದ ಸಂಜೆ ಆಂಜನೇಯನ ಗುಡಿಗೆ ಹೋಗುವವಳು. ಅಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಭಜನೆ ಮಾಡುತ್ತಾರೆ. ಭಜನೆ ಮುಗಿದು ಕಡಲೆಯ ಪ್ರಸಾದ ಹಂಚುವಾಗ ಪಕ್ಕದಲ್ಲಿ ಕುಳಿತ ಹಿರಿಯಾಕೆಯ ಮುಂದೆ ಅತ್ತುಬಿಟ್ಟಳಂತೆ. ಆಕೆ ನಿವೃತ್ತಿಯಾದ ದಾದಿ, ಮಕ್ಕಳಿಬ್ಬರೂ ದೂರದ ಊರುಗಳಲ್ಲಿ, ಮನೆಯಲ್ಲಿ ಒಬ್ಬರೇ. "ನಾಳೆಯಿಂದ ನನ್ನಲ್ಲಿ ಬಿಡು" ಎಂದರು. ತಾಯಿ ಹಣ ಕೊಡಲು ಹೋದರೆ ಬೇಡವೆಂದರು. ಸುಮ್ಮನೆ ತೆಗೆದುಕೊಳ್ಳಲು ಇವಳಿಗೂ ಮನಸ್ಸಾಗಲಿಲ್ಲ. ಕಡೆಗೆ ಭಾನುವಾರಗಳಲ್ಲಿ ಆಕೆಯ ಮನೆಯ ನೆಲ್ಲಕ್ಕಿ, ಸಾಮಾನು ತರುವುದು, ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಜೊತೆಯಲ್ಲಿ ಹೋಗುವುದು, ರವಿಕೆ ಹೊಲಿದುಕೊಡುವುದು ಎಂದು ಗೊತ್ತಾಯಿತು. ಮುಯ್ಯಿ ಎಂದು ಅವರಿಬ್ಬರೂ ಅದನ್ನು ಕರೆಯಲಿಲ್ಲ. ಹುಡುಗಿ ಶಾಲೆಗೆ ಬಂದಳು.

ಇಲ್ಲಿ ಆ ತಾಯಿಯನ್ನು ಕಾಪಾಡಿದ್ದು ದೇವರ ಮೇಲಿನ ನಂಬಿಕೆಯೋ, ನೆರೆಯವರ ನೆರವೋ? ಬೇರ್ಪಡಿಸುವುದು ಕಷ್ಟ. ಗುಡಿಯಿಲ್ಲದಿದ್ದರೆ ಆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಇಗರ್ಜಿಯ ಪ್ರಾರ್ಥನಾ ಕೂಟದಲ್ಲಿ, ರಂಜಾನಿನ ಸಂಜೆ ಮನೆಮನೆಗೆ ತಟ್ಟೆ ಸಾಗಿಸುವ ಮುಸ್ಲಿಂ ತಾಯಂದಿರಲ್ಲಿ, ಬಸದಿಯ ಪರ್ಯೂಷಣದಲ್ಲಿ ನಡೆಯುವುದೂ ಇದೇ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಒಂದೇ ಮುಖಗಳನ್ನು ಕಾಣುವುದರಿಂದ, "ಮಗುವಿನ ಕೆಮ್ಮು ಹೇಗಿದೆ?" ಎಂದು ಕೇಳುವ ಒಬ್ಬರಾದರೂ ದೊರೆಯುತ್ತಾರೆ.

ಆದರೂ ಶ್ರದ್ಧೆಯ ಕೆಲಸ ಇಷ್ಟಕ್ಕೇ ಮುಗಿಯಿತೆಂದರೆ ಅದಕ್ಕೆ ಅನ್ಯಾಯವಾದೀತು. ಮುಸ್ಸಂಜೆಯಲ್ಲಿ ದೀಪ ಹಚ್ಚಿ ಕಣ್ಣುಮುಚ್ಚಿ ನಿಲ್ಲುವ ಐದು ನಿಮಿಷವನ್ನೇ ತೆಗೆದುಕೊಳ್ಳಿ. ಇಡೀ ದಿನದಲ್ಲಿ ಯಾರೂ ಅವಳನ್ನು ಏನೂ ಕೇಳದೆ ಬಿಡುವ ಹೊತ್ತು ಅದೊಂದೇ. ದೇವರ ಮನೆಯಲ್ಲಿರುವಳೆಂದರೆ ಅತ್ತೆಯೂ ಕೂಗುವುದಿಲ್ಲ, ಗಂಡನೂ ಕಾಯುತ್ತಾನೆ. ಕನ್ನಡದಲ್ಲಿ 'ನಂಬು' ಎಂಬುದಕ್ಕೆ ಜೊತೆಯಾಗಿ 'ನೆಚ್ಚು' ಎಂಬ ಧಾತುವಿದೆ. ನೆಚ್ಚುವುದೆಂದರೆ ಭಾರವನ್ನು ಒಂದೆಡೆ ಇಡಬಹುದೆಂಬ ವಿಶ್ವಾಸ. ನನ್ನ ಕೈಯಲ್ಲಿರುವುದನ್ನು ನಾನು ಮಾಡಿದ್ದೇನೆ, ಕೈಯಲ್ಲಿಲ್ಲದ್ದನ್ನು ಮತ್ತೊಬ್ಬನಿಗೆ ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳಲು ಸಾಧ್ಯವಾದ ತಾಯಿಗೆ ರಾತ್ರಿ ನಿದ್ದೆ ಬರುತ್ತದೆ. ನನ್ನ ಮಕ್ಕಳು ಚಿಕ್ಕವರಾಗಿದ್ದಾಗ ಉತ್ತರ ಪತ್ರಿಕೆಗಳ ಕಟ್ಟನ್ನು ಬಗಲಿಗಿಟ್ಟುಕೊಂಡು ತೊಟ್ಟಿಲು ತೂಗಿದವಳು ನಾನು; ಪುಸ್ತಕದಿಂದ ತಿಳಿದ ಮಾತನ್ನಷ್ಟೇ ಹೇಳುತ್ತಿಲ್ಲ.

ಶ್ರದ್ಧೆ ನೋಯಿಸಲೂ ಬಲ್ಲದು. ಧರ್ಮ ಮತ್ತು ಮನಸ್ಸಿನ ಸಂಬಂಧವನ್ನು ಕುರಿತು 1997ರಲ್ಲಿ ದೊಡ್ಡ ಗ್ರಂಥ ಬರೆದ ಕೆನೆತ್ ಪಾರ್ಗಮೆಂಟ್ ಅವರು ಇದನ್ನು ವಿವೇಕದಿಂದ ಬಿಡಿಸಿದ್ದಾರೆ. ದೇವರು ಜೊತೆಗಿದ್ದಾನೆ ಎಂಬ ಶ್ರದ್ಧೆ ಕಷ್ಟದಲ್ಲಿ ಕೈಹಿಡಿಯುತ್ತದೆ; ದೇವರು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂಬ ಶ್ರದ್ಧೆ ಇದ್ದ ಭಾರಕ್ಕೆ ಇನ್ನಷ್ಟು ಭಾರ ಸೇರಿಸುತ್ತದೆ. ಮಗುವಿಗೆ ಮಾತು ತಡವಾದರೆ "ನೀನು ಹರಕೆ ತೀರಿಸಲಿಲ್ಲ, ಅದಕ್ಕೇ" ಎನ್ನುವ ನಾಲಿಗೆಗಳು ಪ್ರತಿಯೊಂದು ಬೀದಿಯಲ್ಲೂ ಇವೆ. ಅವು ಧರ್ಮದ ಹೆಸರಿನಲ್ಲಿ ಮಾತನಾಡುತ್ತವೆ ಅಷ್ಟೆ. ಇನ್ನು ವ್ರತಗಳ ವಿಷಯ. ವರಮಹಾಲಕ್ಷ್ಮಿಯ ಹಿಂದಿನ ರಾತ್ರಿ ಹನ್ನೆರಡರವರೆಗೆ ಒಬ್ಬಟ್ಟು ತಟ್ಟಿ, ನಾಲ್ಕಕ್ಕೆ ಎದ್ದು ಕಲಶಕ್ಕೆ ಸೀರೆಯುಡಿಸಿ, ಒಂಬತ್ತೂವರೆಗೆ ಕಚೇರಿಯಲ್ಲಿ ಸಹಿ ಹಾಕುವ ಹೆಂಗಸಿಗೆ ಹಬ್ಬವೆಂಬುದು ನಾಲ್ಕನೆಯ ಪಾಳಿ. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನಪಾಗುತ್ತದೆ. ಗಂಡ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದವಳು ಅವಳು. ಬಡವಿಯಾಗಿದ್ದೂ 'ಸಾಕು' ಎನ್ನಲು ಅವಳಿಗೆ ಬಂದಿತು. ಒಂದು ಬಟ್ಟಲು ಹಾಲಿಗೆ ಸಕ್ಕರೆ ಬೆರೆಸಿ ನೈವೇದ್ಯವಿಟ್ಟರೆ ಲಕ್ಷ್ಮಿಗೆ ಸಾಲದೆ? ಹದಿನಾರು ಬಗೆಯನ್ನು ಕೇಳುವವಳು ಲಕ್ಷ್ಮಿಯಲ್ಲ, ನೋಡಲು ಬರುವ ನಾವು.

ನೆರವಿನಲ್ಲಿಯೂ ಮುಳ್ಳಿರುತ್ತದೆ. "ನಿನ್ನ ಮಗುವನ್ನು ನಾನಲ್ಲವೆ ಸಾಕಿದ್ದು" ಎಂದು ಎಂಟು ವರ್ಷ ಹೇಳಿಸಿಕೊಳ್ಳಬೇಕಾದರೆ ಅಂಥ ಸಹಾಯಕ್ಕಿಂತ ಬೀಗ ಹಾಕಿದ ಬಾಗಿಲೇ ವಾಸಿಯೆಂದು ಎಷ್ಟೋ ಮಂದಿಗೆ ಅನ್ನಿಸುತ್ತದೆ. ಅತ್ತ ಅಜ್ಜಿಯರ ಕಡೆಯೂ ನೋಡಬೇಕು. ಅರುವತ್ತೈದು ದಾಟಿದ ಹೆಂಗಸು ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಓಡುವ ಮಗುವಿನ ಹಿಂದೆ ಓಡುವುದೂ ದುಡಿಮೆಯೇ. ಅದಕ್ಕೆ ರಜವಿಲ್ಲ, ಸಂಬಳವಂತೂ ಇಲ್ಲ. "ಅಮ್ಮ ಇದ್ದಾರಲ್ಲ" ಎಂದು ನೆಮ್ಮದಿಯಿಂದ ಹೊರಡುವ ಮಗ ಸೊಸೆಯರು ವಾರಕ್ಕೆ ಒಂದು ದಿನ ಆಕೆಯನ್ನು ಬಿಡುಗಡೆ ಮಾಡಿ ಗುಡಿಗೋ, ತಂಗಿಯ ಮನೆಗೋ ಕಳುಹಿಸುವುದು ನ್ಯಾಯ.

ಶ್ರದ್ಧೆಯೂ ನೆರವೂ ಸಾಲದ ಸ್ಥಿತಿಯೊಂದಿದೆ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರ 'ಶರಪಂಜರ'ವನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರವನ್ನಂತೂ ನೋಡಿಯೇ ಇರುತ್ತೀರಿ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಟ್ಟಿತು, ಚಿಕಿತ್ಸೆಯಿಂದ ಗುಣವಾಯಿತು. ಅವಳನ್ನು ಮತ್ತೆ ಕೆಡಿಸಿದ್ದು ಮನೆಯವರ ಅನುಮಾನದ ನೋಟ, ನೆರೆಯವರ ಪಿಸುಮಾತು, ಗಂಡನ ದೂರವಾಗುವಿಕೆ. ಬಾಣಂತಿಗೆ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಹೆದರಿದರೆ, ಅದು ಕಾಯಿಲೆಯಿರಬಹುದು. ಅಂತ್ರ ಕಟ್ಟಿಸುವುದಿದ್ದರೆ ಕಟ್ಟಿಸಿ, ಆದರೆ ವೈದ್ಯರಲ್ಲಿಗೆ ಹೋಗುವುದನ್ನು ಒಂದು ದಿನವೂ ಮುಂದೆ ಹಾಕಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲಿ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಗೆ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.

ನೆರೆಹೊರೆಯವರಿಂದ ಎಲ್ಲವೂ ಆಗಬೇಕೆಂದರೆ ಅದೂ ಸರಿಯಲ್ಲ. ಕಾನೂನಿನ ಕೈಯೂ ಬೇಕು. 1948ರ ಕಾರ್ಖಾನೆಗಳ ಕಾಯಿದೆಯೇ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು ವಿಧಿಸಿತ್ತು. 1961ರ ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜವೂ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವೂ, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರುವ ಹಕ್ಕೂ ಬಂದವು. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ಟಿ. ನರಸೀಪುರವೂ ಮೊದಲ ಪ್ರಯೋಗದ ತಾಣಗಳಲ್ಲೊಂದಾಗಿತ್ತು. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯಲ್ಲಿ ಕಟ್ಟಡ ಕೂಲಿಕಾರರ ಮಕ್ಕಳು ಮಣ್ಣಿನಲ್ಲಿ ಬಿದ್ದಿರುವುದನ್ನು ಕಂಡು ಕೆಲಸದ ಜಾಗದಲ್ಲಿಯೇ ಡೇರೆಯೊಳಗೆ ಮಕ್ಕಳ ಮನೆಯನ್ನು ತೆರೆದರು. ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಹಾಗೆ ಹುಟ್ಟಿತು. ಇವೆಲ್ಲ ಸಂತೋಷದ ಮಾತುಗಳೇ. ಆದರೆ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ಇಪ್ಪತ್ತಾರು ವಾರದ ರಜ ಯಾರು ಕೊಡುತ್ತಾರೆ? ಅವಳ ಸಂಸ್ಥೆಯೆಂದರೆ ನಿಮ್ಮ ಮನೆ. ಅವಳ ಮಗು ಶಾಲೆಯಿಂದ ಬಂದು ಎಲ್ಲಿ ಕೂರುತ್ತದೆ ಎಂದು ಒಂದು ದಿನ ಕೇಳಿ ನೋಡಿ.

ತಂದೆಯರ ವಿಷಯವನ್ನು ಕಡೆಗೆ ಉಳಿಸಿಕೊಂಡಿದ್ದೆ. ನಮ್ಮ ಶಾಲೆಯಲ್ಲಿ ಪೋಷಕರ ಸಭೆಯ ದಿನ ಸಹಿಯ ಪುಸ್ತಕವನ್ನು ನೋಡಿದರೆ ಹೆಚ್ಚಿನವು ತಾಯಂದಿರ ಸಹಿಗಳು. ಅರ್ಧ ದಿನದ ರಜ ಬರೆದು ಬಂದವರು. ಗಂಡ ಮನೆಗೆಲಸದಲ್ಲಿ "ಸಹಾಯ ಮಾಡುತ್ತಾನೆ" ಎಂದು ಹೇಳುವ ರೂಢಿ ನಮ್ಮಲ್ಲಿದೆ. ವ್ಯಾಕರಣದ ಪ್ರಕಾರ ಸಹಾಯ ಮಾಡುವವನು ಬೇರೆಯವರ ಕೆಲಸಕ್ಕೆ ಕೈಹಾಕುವವನು. ತನ್ನ ಮಗುವಿಗೆ ಹಾಲು ಕಾಯಿಸಿದವನ ಕೆಲಸಕ್ಕೆ ಬೇರೊಂದು ಕ್ರಿಯಾಪದ ಬೇಕು.

ನಿಮ್ಮ ಬೀದಿಯಲ್ಲಿ ಸಂಜೆ ನಾಲ್ಕೂವರೆಗೆ ಬೀಗ ಹಾಕಿದ ಬಾಗಿಲಿನ ಮೆಟ್ಟಿಲ ಮೇಲೆ ಚೀಲವಿಟ್ಟುಕೊಂಡು ಕುಳಿತಿರುವ ಮಗುವೊಂದಿರಬಹುದು. ಏಕಾಏಕಿ ಕರೆದು ತಿಂಡಿ ಕೊಡಬೇಡಿ. ತಾಯಿ ಬೇರೆಯವರ ಮನೆಗೆ ಹೋಗಬಾರದೆಂದು ಹೇಳಿರುತ್ತಾಳೆ, ಅದು ಸರಿಯಾದ ಮಾತೇ. ಭಾನುವಾರ ಅವಳು ಬಟ್ಟೆ ಒಣಗಿಸಲು ಹೊರಗೆ ಬಂದಾಗ ನೀವೇ ಹೋಗಿ ಮಾತನಾಡಿಸಿ. ಅವಳಿಂದ ನಿಮಗೆ ಏನು ಆಗಬೇಕೆಂಬುದನ್ನೂ ಆಗಲೇ ಹೇಳಿ: ಬ್ಯಾಂಕಿನ ಚೀಟಿ ತುಂಬುವುದೋ, ಔಷಧಿ ತರುವುದೋ, ಯಾವುದಾದರೊಂದು. ಅದನ್ನು ಹೇಳಿದರೆ ಅವಳಿಗೆ ನಿಮ್ಮಲ್ಲಿ ಮಗುವನ್ನು ಬಿಡಲು ಸಂಕೋಚವಿರುವುದಿಲ್ಲ.